ನೀಲವ್ವನ ಫೋಟೊ

ರಸ್ತೆ ಅಗೆದ ಮೇಲೆ ನೀಲವ್ವನ ರೊಟ್ಟಿ ಅಂಗಡಿಗೆ ಗಿರಾಕಿಗಳು ಬರುವುದೇ ನಿಂತಿತ್ತು. ಸ್ಮಾರ್ಟ್ ಸಿಟಿ ಕಚೇರಿಯ ಹುಡುಗಿ ಮೂರನೇ ಸಲ ಬಂದಳು.

“ನಗರದ ಆ್ಯಪ್‌ನ್ಯಾಗ ನಿಮ್ಮ ಅಂಗಡಿ ಹಾಕ್ತೀವ್ರಿ. ಜನ ಮೊಬೈಲ್ ನೋಡಿ ಹುಡುಕ್ಕೊಂಡು ಬರ್ತಾರ. ನಿಮ್ಮದೊಂದು ಫೋಟೊ ಬೇಕ್ರಿ.”

“ಫೋಟೊ ಬ್ಯಾಡ ತಂಗಿ.”

ಹುಡುಗಿ ಅವಳ ಕೆನ್ನೆಯ ಸುಟ್ಟ ಗಾಯ ನೋಡಿದಳು. “ಗಾಯ ಕಾಣದಂಗ ತಗೀತೀನ್ರಿ.”

ಬೆಳಿಗ್ಗೆ ತಟ್ಟಿದ ರೊಟ್ಟಿಗಳೆಲ್ಲ ಬುಟ್ಟಿಯಲ್ಲೇ ಇದ್ದವು. ಇನ್ನೊಮ್ಮೆ ಬೇಡ ಎನ್ನುವಷ್ಟು ತ್ರಾಣ ನೀಲವ್ವನಲ್ಲಿ ಉಳಿದಿರಲಿಲ್ಲ. ಸೆರಗು ಸರಿಮಾಡಿಕೊಂಡು ನಿಂತಳು.

ಹುಡುಗಿಯ ಮಾತು ನಿಜವಾಯಿತು. ವಾರದೊಳಗೆ ಮಧ್ಯಾಹ್ನಕ್ಕೇ ರೊಟ್ಟಿ ಮುಗಿಯತೊಡಗಿತು.

ಭಾನುವಾರ ಒಬ್ಬ ಮೊಬೈಲ್ ಹಿಡಿದುಕೊಂಡು ಬಂದ.

“ಎಷ್ಟು ರೊಟ್ಟಿ ಬೇಕ್ರಿ?” ಎಂದಳು ನೀಲವ್ವ, ತಲೆಯೆತ್ತದೆ.

“ರೊಟ್ಟಿ ಬ್ಯಾಡ. ಒಂಬತ್ತು ವರ್ಷ ಆತು ನೀ ಓಡಿಬಂದು. ನನ್ನ ಮಗಳೆಲ್ಲಿ?”