ಹನ್ನೆರಡಕ್ಕೆ ಎಲೆ

ಯುಗಾದಿಯ ದಿನ ಹನ್ನೆರಡಕ್ಕೆಲ್ಲ ಊಟಕ್ಕೆ ಬನ್ನಿ ಎಂದು ಸುಧೀಂದ್ರ ನೆಂಟರನ್ನೆಲ್ಲ ಕರೆದಿದ್ದ. ಹನ್ನೊಂದಾದರೂ ಅವನ ಹೆಂಡತಿ ವಾರಿಜಾ ಇನ್ನೂ ಹೂರಣ ರುಬ್ಬುತ್ತಿದ್ದಳು. ಅವನು ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತ.

“ಹೂರಣ ಬೆಳಗ್ಗೇನೇ ಮುಗಿಸ್ಕೋಬೇಕು ಅನ್ನೋಷ್ಟೂ ಪ್ಲಾನ್ ಇಲ್ವಾ ನಿನಗೆ? ಮಿಕ್ಸಿ ಇದೆ, ಕುಕ್ಕರ್ ಇದೆ, ಗ್ಯಾಸ್ ಇದೆ. ತಲೆ ಒಂದಿಲ್ಲ ಅಷ್ಟೆ.”

ಒಲೆಯ ಮೇಲೆ ಸಾರು ಉಕ್ಕಿತು. ವಾರಿಜಾ ಓಡಿಹೋಗಿ ಸೆರಗಿನಲ್ಲೇ ಪಾತ್ರೆ ಇಳಿಸಿ, ಸುಟ್ಟ ಬೆರಳನ್ನು ನಲ್ಲಿಯ ನೀರಿಗೆ ಹಿಡಿದಳು. ಅವನು ನಿಂತಲ್ಲಿಂದ ಕದಲಲಿಲ್ಲ.

“ನಮ್ಮಮ್ಮ ಸೌದೆ ಒಲೇಲಿ ಊರಿಗೆಲ್ಲ ಒಬ್ಬಳೇ ಹಬ್ಬದಡುಗೆ ಮಾಡ್ತಿದ್ಲು. ಹನ್ನೆರಡು ಹೊಡೆಯೋಕೆ ಮುಂಚೆ ಎಲೆ ಹಾಕ್ತಿದ್ಲು. ನಮ್ಮಪ್ಪ ಇರೋವರೆಗೂ ಅಡುಗೆಮನೆ ಕಡೆ ತಿರುಗಿ ನೋಡಿದ್ದಿಲ್ಲ. ಗಂಡಸು ಅಂದ್ರೆ ಅವರು! ಬೇಕಾದ್ರೆ ಅಮ್ಮನ್ನೇ ಕೇಳು.”

ಮೂಲೆಯಲ್ಲಿ ಕೂತು ಮಾವಿನಕಾಯಿ ತುರಿಯುತ್ತಿದ್ದ ತಾಯಿ ತಲೆಯೆತ್ತಿ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಒಬ್ಬಳೇ ಮಾಡ್ತಿದ್ದೆ ಅಂತ ನಿನಗೆ ಯಾರೋ ಹೇಳಿದ್ದು? ಮಡಿ ಅಂತ ನಿಮ್ಮನ್ನೆಲ್ಲ ಆಚೆ ಕಳಿಸಿ, ಬಾಗಿಲು ಹಾಕ್ಕೊಂಡು ಒಳಗೆ ಹೋಳಿಗೆ ತಟ್ತಾ ಕೂತಿರ್ತಿದ್ದವರು ನಿಮ್ಮಪ್ಪ.”