ಸಾಸಿವೆ ದಿಂಬು

ಹಿತ್ತಲ ಕಟ್ಟೆಯ ಮೇಲೆ ಕುಳಿತು ವನಜಮ್ಮ ಅಂಗೈಯಗಲದ ದಿಂಬೊಂದರ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚುತ್ತಿದ್ದಾಗ ಪಕ್ಕದ ಮನೆಯ ಸೌಮ್ಯ ಬೇಲಿ ಸಂದಿಯಿಂದ ನುಸುಳಿ ಬಂದು ಎದುರಿಗೆ ನಿಂತಳು. ಮುಚ್ಚಿಡಲು ಹೊತ್ತು ಸಿಗಲಿಲ್ಲ. ಒಳಗಿದ್ದ ಸಾಸಿವೆಯನ್ನು ಆಗಲೇ ಅಡುಗೆಮನೆಯ ಡಬ್ಬಿಗೆ ಸುರಿದಾಗಿತ್ತು. ಇನ್ನೊಂದು ಅಂಚು ಬಿಚ್ಚಿದ್ದರೆ ದಿಂಬು ಹೋಗಿ ಬರೀ ಚಿಂದಿ ಉಳಿಯುತ್ತಿತ್ತು. ವನಜಮ್ಮನಿಗೆ ಬೇಕಾಗಿದ್ದೂ ಅದೇ.

ಸೌಮ್ಯನಿಗೆ ಬಸಿರಿನ ಏಳು ತಿಂಗಳು ತುಂಬಿದಾಗ ವನಜಮ್ಮ ಮಾಡಿದ ದಿಂಬು ಅದು. ಉಟ್ಟು ಉಟ್ಟು ಮೆತ್ತಗಾದ ತನ್ನದೇ ವಾಯಿಲ್ ಸೀರೆ ಕತ್ತರಿಸಿ, ಹಸುಗೂಸಿನ ತಲೆ ಗುಂಡಗೆ ಕೂರಲಿ ಎಂದು ಸಾಸಿವೆ ತುಂಬಿ, ಸುತ್ತಲೂ ಹಸಿರು ದಾರದ ಅಂಚು ಹಾಕಿದ್ದಳು. ಹೊಟ್ಟೆಯಲ್ಲಿ ಗುಟ್ಟು ನಿಲ್ಲುವ ಜಾತಿಯಲ್ಲ ವನಜಮ್ಮ. ಹೆರಿಗೆಯವರೆಗೂ ಕಾಯದೆ ತೋರಿಸಿಯೂ ಬಿಟ್ಟಳು. ಸೌಮ್ಯ ಅದನ್ನು ಕೆನ್ನೆಗೆ ಒತ್ತಿಕೊಂಡು ನಕ್ಕಿದ್ದಳು. ಅವಳ ಅತ್ತೆ ಸಿದ್ದಮ್ಮ ಮಾತ್ರ ನಗಲಿಲ್ಲ. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತ ಗಾದೆ ಸುಮ್ಕೆ ಮಾಡಿಲ್ಲ ಕಣವ್ವ. ತಗಂಡೋಗಿ ನಿಮ್ಮನೇಲೇ ಇಟ್ಕೊ," ಎಂದಿದ್ದಳು.

ಮುಂದಿನ ತಿಂಗಳು ಮಡಿಕೇರಿಯ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸು ಅಳಲೇ ಇಲ್ಲ. ಡಾಕ್ಟರು ಏನೋ ಕಾರಣ ಹೇಳಿದರು. ವನಜಮ್ಮನ ಕಿವಿಯಲ್ಲಿ ಗಾದೆಯೊಂದೇ ಗುಂಯ್‌ಗುಡುತ್ತಿತ್ತು. ಅವಳನ್ನು ಯಾರೂ ಬೈಯಲಿಲ್ಲ, ಅದೇ ಕಷ್ಟವಾಯಿತು. ತನಗೆ ತಾನೇ ಶಿಕ್ಷೆ ಕೊಟ್ಟುಕೊಂಡು ಬೇಲಿ ದಾಟುವುದನ್ನು ಬಿಟ್ಟಳು. ಬಾಣಂತಿಗೆಂದು ದಿನವೂ ಮೆಣಸಿನ ಸಾರು ಕುದಿಸಿ ಗಂಡ ದೇವರಾಜುವಿನ ಕೈಯಲ್ಲಿ ಕಳಿಸುತ್ತಿದ್ದಳು. ಸೌಮ್ಯ ನಲ್ಲಿಯ ಹತ್ತಿರ ಕಂಡರೆ ಹಿತ್ತಲ ಬಾಗಿಲು ಹಾಕಿಕೊಳ್ಳುತ್ತಿದ್ದಳು.

"ಅಕ್ಕ, ಒಂದ್ ಮಾತು ಕೇಳ್ತೀನಿ," ಎಂದಳು ಸೌಮ್ಯ. "ನನ್ ಮುಖ ನೋಡಿದ್ರೆ ಆಗಲ್ವ ನಿಮ್ಗೆ?"

"ಅಯ್ಯೋ, ಎಂಥ ಮಾತಾಡ್ತೀಯ."

"ಮತ್ತೆ? ಸುಂಟಿಕೊಪ್ಪದೋರೆಲ್ಲ ಬಂದ್ರು. ಸಾವಿಲ್ಲದ ಮನೆ ಎಲ್ಲೈತೆ ಅಂದ್ರು, ವಯಸ್ಸೈತೆ ಇನ್ನೊಂದಾಯ್ತದೆ ಅಂದ್ರು, ಕಾಫಿ ಕುಡ್ದು ಹೋದ್ರು. ನೀವು ಬರ್ಲಿಲ್ಲ. ನಾನು ದಿನಾ ಈ ಬೇಲಿ ಕಡೇನೇ ನೋಡ್ತಾ ಕೂತಿದ್ದೆ. ಸತ್ತ ಕೂಸು ಹೆತ್ತೋಳ ನೆರಳು ಬೇಡ ಅನ್ಕಂಡ್ರೇನೋ ಅಂತ..."

ತಾನು ನಾಚಿ ಅಡಗಿಕೊಂಡದ್ದು ಆಚೆ ಮನೆಗೆ ಹೀಗೆ ಕಾಣುತ್ತಿರಬಹುದೆಂದು ಒಂದು ದಿನವೂ ವನಜಮ್ಮನಿಗೆ ಹೊಳೆದಿರಲಿಲ್ಲ. "ನಿನ್ ನೆರಳಲ್ಲ ಕಣೆ, ನನ್ ಕೈ ಸರಿಯಿಲ್ಲ. ಮುಂಚೇನೇ ಇದನ್ನ ಹೊಲ್ದು ನಿನ್ ಹೊಟ್ಟೆ ಉರಿಸ್ಬಿಟ್ಟೆ. ಯಾವ ಮುಖ ಹೊತ್ಕಂಡು ಬರ್ಲಿ? ಕಣ್ಣಿಗೆ ಬೀಳಬಾರ್ದು ಅಂತಾನೇ ಇವತ್ತು ಬಿಚ್ತಾ ಇದ್ದೆ."

ಸೌಮ್ಯ ಆಗಷ್ಟೇ ಅವಳ ಮಡಿಲಲ್ಲಿದ್ದ ಬಟ್ಟೆಯನ್ನು ನೋಡಿದಳು. ಎತ್ತಿಕೊಂಡಳು. ಒಳಗೆ ಏನೂ ಇರಲಿಲ್ಲ.

"ಇದನ್ನ ಕೇಳ್ಕಂಡೇ ಬಂದೆ ಅಕ್ಕ," ಎಂದಳು. "ಬೆಳಗ್ಗೆ ಮನೆಯೆಲ್ಲ ಹುಡುಕ್ದೆ. ಒಂದ್ ಟೋಪಿ ಇಲ್ಲ, ಒಂದ್ ತುಂಡು ಬಟ್ಟೆ ಇಲ್ಲ. ಹುಟ್ಟೋಕೆ ಮುಂಚೆ ತರಬಾರ್ದು ಅಂತ ಯಾರೂ ಏನೂ ತಂದಿರ್ಲಿಲ್ಲ. ನಮ್ಮನೆಯವ್ರು ಆಸ್ಪತ್ರೆಯಿಂದ ಹಂಗೇ ತಗಂಡೋಗಿ ಮಣ್ಣು ಮಾಡ್ಬಂದ್ರು. ಹೆಸರಿಡದ ಕೂಸಿಗೆ ಸೂತಕ ಇಲ್ಲ, ತಿಥಿ ಇಲ್ಲ, ಮರ್ತುಬಿಡು ಅಂತಾರೆ ಅತ್ತೆ. ನನ್ ಮಗೂಗೆ ಅಂತ ಯಾರಾದ್ರೂ ಒಬ್ರು ಮಾಡಿದ್ದು ಇದೊಂದೇ."

ವನಜಮ್ಮ ಎದ್ದು ಒಳಗೆ ಓಡಿದಳು. ಡಬ್ಬಿ ತಂದು ಮುಚ್ಚಳ ತೆಗೆದವಳು ಹಾಗೇ ನಿಂತುಬಿಟ್ಟಳು. ಒಂದು ಗಳಿಗೆ ತಾಳಿದ್ದರೆ ಆಗುತ್ತಿತ್ತು. ತೋರಿಸುವುದಕ್ಕೂ ಅವಸರ, ಬಿಚ್ಚುವುದಕ್ಕೂ ಅವಸರ. ತನ್ನ ಹಣೆಬರಹವೇ ಇಷ್ಟು ಎನ್ನಿಸಿ ಕಣ್ಣು ತುಂಬಿತು.

"ಮನೆ ಸಾಸಿವೆ ಜೊತೆ ಬೆರೆಸ್ಬಿಟ್ಟೆ ಕಣೆ. ಯಾವ್ದು ಅದ್ರದ್ದು ಅಂತ ಆರಿಸ್ಲಿ ಈಗ?"

"ಆರಿಸ್ಬೇಡಿ. ಎಲ್ಲಾ ಸುರೀರಿ."

ಡಬ್ಬಿಯ ತಳ ಬಡಿದು ಸುರಿದರು. ಬ್ಲೇಡು ತಾಗಿ ಅಂಚು ಹರಿದಿದ್ದರಿಂದ ಒಳಕ್ಕೆ ಮಡಚಿ ಹೊಲಿಯಬೇಕಾಯಿತು. ದಿಂಬು ಮೊದಲಿಗಿಂತ ಚಿಕ್ಕದಾಗಿ, ಬಿಗಿದು ಉಬ್ಬಿ, ಒಂದು ಮೂಲೆ ಸೊಟ್ಟಗಾಯಿತು. ಸೌಮ್ಯ ಅದನ್ನು ಸೆರಗಿನೊಳಗೆ ಇಟ್ಟುಕೊಂಡು ಬೇಲಿ ದಾಟಿದಳು. ವನಜಮ್ಮ ಬಹಳ ಹೊತ್ತು ಅತ್ತಳು. ಆಮೇಲೆ ಮುಖ ತೊಳೆದು ಸಾರಿಗಿಟ್ಟಳು. ಅಂಗಡಿ ರಸ್ತೆಯಾಚೆಗೇ ಇತ್ತು, ಸಾಸಿವೆ ತರಲು ಅವಳು ಹೋಗಲಿಲ್ಲ.

ದೇವರಾಜು ಪಾಲಿಬೆಟ್ಟಕ್ಕೆ ಗೊಬ್ಬರದ ಲೋಡು ಇಳಿಸಿ ಬಂದು, ಪಿಕಪ್ ನಿಲ್ಲಿಸಿ ಊಟಕ್ಕೆ ಕುಳಿತ. ಹಸಿದು ಬಂದವನು ಎರಡನೆಯ ತುತ್ತಿಗೇ ಮುಖ ಎತ್ತಿದ.

"ಇದೇನೇ, ಸಾರಿಗೆ ಒಗ್ಗರಣೆನೇ ಇಲ್ಲ. ಯಾರು ಸತ್ತವ್ರೆ ಅಂತ ಹಿಂಗೆ ಸಪ್ಪೆ ಮಾಡಿದ್ದೀಯ?"

ವನಜಮ್ಮ ಇನ್ನೊಂದು ಸೌಟು ಅನ್ನ ಬಡಿಸಿದಳು.

"ಸೌಮ್ಯನ ಮಗಳು," ಎಂದಳು.