ಫೆಲೆತಿ ತಪ್ಪಿಸಿದ ಭಾನುವಾರಗಳು

"ಒಂದು ಭಾನುವಾರವೂ ಚರ್ಚ್ ತಪ್ಪಿಸದ ಮನುಷ್ಯ ಅಂತ ನಾಳೆಯ ಶ್ರದ್ಧಾಂಜಲಿ ಶುರು ಮಾಡ್ತೀನಿ," ಎಂದರು ಪಾದ್ರಿ.

"ತಪ್ಪಿಸಿದ್ದಾರೆ ಕಣಪ್ಪ." ಗಂಡ ಫೆಲೆತಿಯ ಶವದ ಪಕ್ಕ ಚಾಪೆಯ ಮೇಲೆ ಕೂತಿದ್ದ ಮೆಲೆನೈತೆ ಮುದುಕಿ ತಲೆ ಎತ್ತದೆ ಹೇಳಿದಳು. "ಹೆಚ್ಚುಕಮ್ಮಿ ಒಂದು ವರ್ಷ."

ಅಪ್ಪನ ಮುಖಕ್ಕೆ ಬೀಸಣಿಗೆ ಆಡಿಸುತ್ತಿದ್ದ ಲುಪೆಯ ಕೈ ನಿಂತಿತು. "ಸುಮ್ನಿರಮ್ಮ. ಅದೆಲ್ಲ ಈಗ್ಯಾಕೆ?"

ಪಾದ್ರಿ ಗೊಂದಲದಿಂದ ಇಬ್ಬರನ್ನೂ ನೋಡಿದರು. ಅವರು ಈ ದ್ವೀಪಕ್ಕೆ ಬಂದು ಎರಡು ವರ್ಷವಾಗಿತ್ತಷ್ಟೆ. ಅವರು ಕಂಡ ಫೆಲೆತಿ ತೊಂಬತ್ತು ದಾಟಿದ ಹಿರಿಯ. ಗಂಟೆ ಹೊಡೆಯುವ ಮೊದಲೇ ಚರ್ಚಿನಲ್ಲಿರುತ್ತಿದ್ದವನು. ಮೊಮ್ಮಕ್ಕಳೆಲ್ಲ ಪ್ರಾರ್ಥನೆಗೆ ಕೂರದೆ ಗೆಣಸಿನ ಚೂರನ್ನೂ ಬಾಯಿಗಿಡದವನು. ಊರಿನ ಅರ್ಧ ಜನಕ್ಕೆ ಹಾಡಲು ಕಲಿಸಿದವನೂ ಅವನೇ.

"ಇವಳು ಮದುವೆಗೆ ಮುಂಚೆ ಬಸುರಾದಳು," ಮೆಲೆನೈತೆ ಮಗಳ ಮಾತು ಕಿವಿಗೆ ಹಾಕಿಕೊಳ್ಳದೆ ಮುಂದುವರಿಸಿದಳು. "ಸಭೆ ಮುಂದೆ ನಿಂತು ತಪ್ಪಾಯ್ತು ಅನ್ನೋವರೆಗೂ ಒಳಗೆ ಬರಬೇಡ ಅಂದ್ರು ಚರ್ಚಿನ ಹಿರಿಯರು. ಇವಳು ನಿಲ್ಲಲ್ಲ ಅಂದಳು. ಭಾನುವಾರ ಇವಳ ಅಪ್ಪ ಎಂದಿನಂತೆ ಚರ್ಚಿನ ಮರ್ಯಾದೆಗೆ ಸೊಂಟಕ್ಕೆ ಚಾಪೆ ಸುತ್ತಿಕೊಂಡು, ಮಗಳನ್ನ ಕರ್ಕೊಂಡು ಹೋಗಿ ಚರ್ಚ್ ಹೊರಗೆ ಮರದ ಕೆಳಗೆ ಕೂತರು. ಹಾಡೋರ ಸಾಲಲ್ಲಿ ಇವರ ಜಾಗ ಖಾಲಿ. ಒಳಗಿನ ಹಾಡಿಗೆ ಅಲ್ಲಿಂದಲೇ ದನಿ ಸೇರಿಸೋರು."

"ಆಮೇಲೆ?"

"ಮಗು ಹುಟ್ಟಿದ ಮೇಲೆ ಹಿರಿಯರೇ ಮನೆಗೆ ಬಂದ್ರು. 'ನೀನಿಲ್ದೆ ಹಾಡು ಸೊರಗಿದೆ ಮಾರಾಯ, ನೀನಾದ್ರೂ ಬಾ' ಅಂತ. 'ಬಂದ್ರೆ ಮೂವರೂ ಬರ್ತೀವಿ' ಅಂದ್ರು ಇವರು. ಮುಂದಿನ ವಾರ ಇವಳನ್ನ ಕರ್ಕೊಂಡು, ಮಗೂನ ಹೆಗಲಿಗೆ ಹಾಕ್ಕೊಂಡು ಹೋಗಿ ಮೊದಲ ಸಾಲಲ್ಲೇ ಕೂತರು."

ಪಾದ್ರಿ ಹಣೆ ಒರೆಸಿಕೊಂಡರು. "ಒಳ್ಳೆಯ ಮಾತೇ ಅಮ್ಮ. ಆದ್ರೆ ಈಗ ಹೇಳೋದು ಕಷ್ಟ. ಪೌಲಾಸಿ ಮಗಳ ವಿಷಯ ಗೊತ್ತಲ್ಲ. ಇದೇ ಕಾರಣಕ್ಕೆ ಹೋದ ತಿಂಗಳು ತಾನೆ ನಾವು ಅವಳಿಗೆ ಒಳಗೆ ಬರಬೇಡ ಅಂದಿದ್ದೀವಿ. ಜನ ಬೇರೆ ಅರ್ಥ ಮಾಡ್ಕೋತಾರೆ."

ಲುಪೆ ಬೀಸಣಿಗೆಯನ್ನು ಕೆಳಗಿಟ್ಟಳು. ಇಷ್ಟು ವರ್ಷ ಈ ಸಂಗತಿ ಯಾರ ಬಾಯಿಗೂ ಬರದಿರಲಿ ಎಂದುಕೊಂಡೇ ಬದುಕಿದವಳು ಅವಳು. ಪೌಲಾಸಿಯ ಮಗಳು ತೆಂಗಿನ ತೋಪಿನ ದಾರಿಯಲ್ಲಿ ಎದುರಾದಾಗ ಮೊನ್ನೆ ತಾನೂ ಮುಖ ತಿರುಗಿಸಿ ಹೋದದ್ದು ಅವಳಿಗೆ ನೆನಪಾಯಿತು.

"ನಿಮಗೆ ಕಷ್ಟ ಆಗೋದಾದ್ರೆ ಬಿಡಿ," ಎಂದಳು. "ಅಪ್ಪನ ಬಗ್ಗೆ ನಾಳೆ ನಾನೇ ಮಾತಾಡ್ತೀನಿ."

ಮರುದಿನ ಚರ್ಚ್ ಕಿಕ್ಕಿರಿದಿತ್ತು. ಲುಪೆ ಹೆಚ್ಚು ಹೊತ್ತು ಮಾತಾಡಲಿಲ್ಲ. ಅಮ್ಮ ಹೇಳಿದ್ದನ್ನೇ ಹೇಳಿದಳು. ಅಂದು ಅಜ್ಜನ ಹೆಗಲ ಮೇಲೆ ಬಂದಿದ್ದ ಮಗು, ಈಗ ಗಡ್ಡ ಬಲಿತ ಗಂಡಸು, ಶವಪೆಟ್ಟಿಗೆಯ ಪಕ್ಕ ನಿಂತು ತಾಯಿಯನ್ನೇ ನೋಡುತ್ತಿದ್ದ. ಅವಳು ಮುಗಿಸಿ ಬಂದು ಕೂತಳು.

ನಡುವಿನ ಸಾಲಿನಲ್ಲಿದ್ದ ಪೌಲಾಸಿ ಎದ್ದು ನಿಂತ. ಪಕ್ಕದವನು ತೋಳು ಹಿಡಿದ, ಪೌಲಾಸಿ ಮೆಲ್ಲಗೆ ಬಿಡಿಸಿಕೊಂಡ. ಸಾಲು ದಾಟಿ, ಯಾರ ಮುಖವನ್ನೂ ನೋಡದೆ, ಬಾಗಿಲು ತೆರೆದು ಮಗಳಿರುವ ಮನೆಯ ದಾರಿ ಹಿಡಿದ.

ಮುಂದಿನ ಹಾಡಿಗೆ ಜನ ಕಾಯುತ್ತಿದ್ದರು. ಪಾದ್ರಿ ಹಾಡು ಶುರು ಮಾಡಿಸಲಿಲ್ಲ. ತೆರೆದೇ ಇದ್ದ ಬಾಗಿಲನ್ನು ನೋಡುತ್ತ ಕಾದು ನಿಂತರು.